ಎರಡು ಸೀಟಿನ ವಿಮಾನ

ಮುಂಡರಗಿಯ ದನದ ದವಾಖಾನೆಯಲ್ಲಿ ನಾನು ಕೆಲಸಕ್ಕಿದ್ದ ಕಾಲ. ಒಂದು ಬೆಳಿಗ್ಗೆ ಡಂಬಳದ ಹತ್ತಿರದ ಹೊಲದಮನೆಯಿಂದ ಫೋನು ಬಂತು. ಎಮ್ಮೆಯೊಂದು ಈಯಲಾರದೆ ಒದ್ದಾಡುತ್ತಿದೆ, ಬೇಗ ಬನ್ನಿ ಅಂದರು. ಬೈಕು ಹತ್ತಿ ಹೊರಟರೆ ದಾರಿಯ ತಿರುವೊಂದರಲ್ಲಿ ವಾಹನಗಳೆಲ್ಲ ನಿಂತುಬಿಟ್ಟಿದ್ದವು. ಕಪ್ಪತಗುಡ್ಡದ ಕಡೆ ನಿಲ್ಲಿಸುವ ಗಾಳಿಯಂತ್ರದ ರೆಕ್ಕೆಯೊಂದನ್ನು ಹೊತ್ತ ಉದ್ದನೆಯ ಲಾರಿ ತಿರುವಿಗೆ ಸಿಕ್ಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತ್ತು. ಲಾರಿಯವರು ರಸ್ತೆಬದಿಯ ಜಾಲಿ ಕಡಿಯುತ್ತಿದ್ದರು. ನಾನು ಬೈಕನ್ನು ತಳ್ಳಿಕೊಂಡು ಆ ರೆಕ್ಕೆಯ ಪಕ್ಕದಲ್ಲೇ ನಡೆಯಬೇಕಾಯಿತು.

ಗುಡ್ಡದ ಮೇಲೆ ತಿರುಗುವಾಗ ಆ ರೆಕ್ಕೆಗಳು ಕಡ್ಡಿಯ ಹಾಗೆ ಕಾಣುತ್ತವೆ. ಹತ್ತಿರ ನಿಂತು ನೋಡಿದ್ದು ಅದೇ ಮೊದಲು. ಅಂಗೈ ಇಟ್ಟೆ. ಮುಂದಿನ ಅಂಚು ಎತ್ತಿನ ಹೆಗಲಿನಂತೆ ದುಂಡಗೆ, ದಪ್ಪಗೆ ಇತ್ತು. ಹಿಂದಕ್ಕೆ ಹೋದಂತೆ ತೆಳುವಾಗುತ್ತಾ ಕಡೆಗೆ ರೊಟ್ಟಿಯ ಅಂಚಿನಷ್ಟಾಗಿ ಮುಗಿಯುತ್ತಿತ್ತು. ಬೆನ್ನು ಉಬ್ಬಿತ್ತು, ಹೊಟ್ಟೆ ಹೆಚ್ಚುಕಡಿಮೆ ಸಪಾಟಾಗಿತ್ತು. ಗಾಳಿಯನ್ನು ಹೇಗೆ ಸರಿಸಬೇಕು ಎಂಬುದು ಅದರ ಮೈಯಲ್ಲೇ ಬರೆದಂತಿತ್ತು.

ಎಮ್ಮೆ ಉಳಿಯಿತು, ಕರುವೂ ಉಳಿಯಿತು. ಕೈತೊಳೆದುಕೊಂಡು ವಾಪಸು ಬರುವಾಗ ಲಾರಿ ಇನ್ನೂ ಅಲ್ಲೇ ಇತ್ತು. ನನಗೆ ಬೇರೆ ಕೆಲಸವಿತ್ತು, ಆದರೂ ಬೈಕು ನಿಲ್ಲಿಸಿ ಮತ್ತೆ ಆ ರೆಕ್ಕೆಯ ಉದ್ದಕ್ಕೂ ನಡೆದೆ. ಮನೆಯಲ್ಲೇ ವಿಮಾನ ಕಟ್ಟುವವರು ಇದ್ದಾರೆ ಎಂಬುದು ನನಗೆ ಗೊತ್ತಿತ್ತು. ಬೇರೆ ಬೇರೆ ದೇಶಗಳಲ್ಲಿ ಗ್ಯಾರೇಜಿನಲ್ಲಿ, ದನದ ಕೊಟ್ಟಿಗೆಯಲ್ಲಿ, ಕಟ್ಟಿಗೆ ಮತ್ತು ಬಟ್ಟೆಯಿಂದ ಸಣ್ಣ ವಿಮಾನ ಕಟ್ಟಿ ಹಾರಿಸುವವರ ವಿಡಿಯೋಗಳನ್ನು ಹಲವು ತಿಂಗಳಿಂದ ಫೋನಿನಲ್ಲಿ ನೋಡುತ್ತಲೇ ಇದ್ದೆ. ನೋಡುವುದಷ್ಟೇ ನನ್ನ ಪಾಲಿಗೆ ಎಂದುಕೊಂಡಿದ್ದೆ. ಆ ರೆಕ್ಕೆ ಮುಟ್ಟಿದ ಮೇಲೆ ಹಾಗೆ ಅನ್ನಿಸಲಿಲ್ಲ. ಇದು ಯಾರೋ ಕೈಯಿಂದ ಮಾಡಿದ್ದು, ಅಂದರೆ ಕೈಯಿಂದ ಮಾಡಬಹುದಾದದ್ದು ಎಂದು ಅನ್ನಿಸಿತು.

ನಮ್ಮ ಮನೆ ಬೆಟಗೇರಿಯಲ್ಲಿ. ನನ್ನ ಹೆಂಡತಿ ನೇಕಾರರ ಮನೆಯ ಮಗಳು. ಪಡಸಾಲೆಯಲ್ಲೇ ಹೊಲಿಗೆ ಮಷಿನುಗಳನ್ನಿಟ್ಟುಕೊಂಡು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಅವತ್ತು ಸಂಜೆ ಕಲಿಯುವವರೆಲ್ಲ ಹೋದ ಮೇಲೆ ಅವಳು ಯಾವುದೋ ಕುಪ್ಪಸದ ತೋಳು ಬಿಚ್ಚುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು ಹೇಳಿಬಿಟ್ಟೆ.

"ನಾ ಒಂದು ವಿಮಾನ ಮಾಡಬೇಕಂತ ಮಾಡೇನಿ."

ಅವಳು ತಲೆ ಎತ್ತಲಿಲ್ಲ. "ಎಷ್ಟು ಮಂದಿ ಕುಂಡ್ರತಾರ ಅದ್ರಾಗ?"

"ಒಬ್ರು. ಸಣ್ಣದು."

"ಹಂಗಾರ ಬ್ಯಾಡ."

ಅವಳು ನಗಬಹುದು, ಬೈಯಬಹುದು ಎಂದೆಲ್ಲ ನಾನು ಎಣಿಸಿದ್ದೆ. ಇಂಥ ಉತ್ತರ ಎಣಿಸಿರಲಿಲ್ಲ. ಯಾಕೆ ಎಂದು ಕೇಳಿದೆ. ಅವಳು ದಾರ ಕಡಿದು ತೋಳನ್ನು ಬದಿಗಿಟ್ಟಳು.

"ಇಬ್ರು ಕುಂಡ್ರೂವಂಥಾದ್ದು ಮಾಡ್ರಿ. ನಾನೂ ಕುಂಡ್ರತೀನಿ. ನೀವೊಬ್ರ ಹಾರತೀರಿ ಅಂದ್ರ ಒಂದು ಮೊಳಿ ಸಡಲ ಇದ್ರೂ ನಡೀತೈತಿ ಅಂತೀರಿ. ನಾ ಬಾಜೂಕ ಇದ್ರ ಹಂಗ ಅನ್ನೂದಿಲ್ಲ."

ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಅವಳು ಎಷ್ಟು ಸರಿಯಾಗಿ ಓದಿಕೊಂಡಿದ್ದಾಳೆ ಎಂಬುದು ನನಗೆ ತಿಳಿದದ್ದು ಆಗ. ಮನೆಯ ನಲ್ಲಿ, ಬೈಕಿನ ಬ್ರೇಕು, ಮಾಳಿಗೆಯ ಸೋರಿಕೆ, ಎಲ್ಲವನ್ನೂ ನಾನು ಸದ್ಯಕ್ಕೆ ನಡೆಯಲಿ ಎಂದು ಬಿಟ್ಟವನೇ. ಆದರೆ ಒಬ್ಬರ ವಿಮಾನಕ್ಕೂ ಇಬ್ಬರ ವಿಮಾನಕ್ಕೂ ಅಜಗಜಾಂತರ. ರೆಕ್ಕೆ ದೊಡ್ಡದಾಗಬೇಕು, ಇಂಜಿನ್ನು ದೊಡ್ಡದಾಗಬೇಕು, ಕೆಲಸ ದುಪ್ಪಟ್ಟಾಗುತ್ತದೆ. ನಾನು ಒಂದು ವಾರ ಮುಖ ಊದಿಸಿಕೊಂಡು ತಿರುಗಿದೆ. ಆಮೇಲೆ ಒಬ್ಬರು ಕೂರುವ ವಿಮಾನದ ನಕ್ಷೆಗಳನ್ನು ನೋಡುವುದು ಬಿಟ್ಟು ಇಬ್ಬರು ಕೂರುವುದರ ನಕ್ಷೆ ತರಿಸಿದೆ.

ಅಷ್ಟರಲ್ಲಿ ನನಗೆ ಲಕ್ಷ್ಮೇಶ್ವರಕ್ಕೆ ವರ್ಗವಾಯಿತು. ಅದು ಒಳ್ಳೆಯದೇ ಆಯಿತು. ನಾನು ಹುಟ್ಟಿದ್ದು ಶಿರಹಟ್ಟಿಯಲ್ಲಿ. ಅಲ್ಲಿ ನನ್ನ ಜೊತೆ ಶಾಲೆ ಕಲಿತ ಗೆಳೆಯನೊಬ್ಬ ಈಗ ಲಕ್ಷ್ಮೇಶ್ವರದಲ್ಲಿ ಬಡಗಿ ಕೆಲಸ ಮಾಡಿಸುತ್ತಾನೆ. ಬಾಗಿಲು, ಚೌಕಟ್ಟು, ಮಂಚ, ಕಪಾಟು. ಮುಚ್ಚಿಹೋದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಒಂದು ತಗಡಿನ ಶೆಡ್ಡನ್ನು ಬಾಡಿಗೆಗೆ ಹಿಡಿದು ಅಲ್ಲೇ ಅವನ ಕಾರ್ಖಾನೆ. ಶೆಡ್ಡಿನ ಅರ್ಧ ಭಾಗ ಖಾಲಿ ಬಿದ್ದಿತ್ತು. ಮೂಲೆಗಳಲ್ಲಿ ಹಳೆಯ ಅರಳೆ ಇನ್ನೂ ಜೇಡರ ಬಲೆಯ ಜೊತೆ ಅಂಟಿಕೊಂಡಿತ್ತು. ನಾನು ನಕ್ಷೆ ಹರಡಿ ತೋರಿಸಿದೆ. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬಹಳ ಹೊತ್ತು ನೋಡಿದ.

"ಲೇ ದೋಸ್ತ, ಇದು ಕಪಾಟು ಇದ್ದಂಗ ಐತಿ. ಒಳಗ ಖಾಲಿ, ಹೊರಗ ಬಟ್ಟಿ. ನಾ ಮಾಡಿದ ಬಾಗಲಾ ಇವತ್ತಿನ ತನಕ ಒಂದೂ ಕಿತ್ತು ಬಂದಿಲ್ಲ. ಮಾಡೂಣು ನಡಿ."

ಹೀಗೆ ಶುರುವಾಯಿತು. ವಾರದ ರಜೆಯ ದಿನ, ಹಬ್ಬದ ದಿನ, ಕೆಲಸ ಬೇಗ ಮುಗಿದ ದಿನ. ರೆಕ್ಕೆಯ ಒಳಗೆ ಮೀನಿನ ಮುಳ್ಳುಗಳ ಹಾಗೆ ಸಾಲಾಗಿ ಪಕ್ಕೆಲುಬುಗಳಿರುತ್ತವೆ. ಕಿರುಬೆರಳಿನಷ್ಟು ದಪ್ಪದ ಕಟ್ಟಿಗೆ ಪಟ್ಟಿಗಳನ್ನು ಬಾಗಿಸಿ, ಅಚ್ಚಿನಲ್ಲಿ ಕೂರಿಸಿ, ಅಂಟು ಹಾಕಿ ಒಂದೊಂದನ್ನೇ ಮಾಡಬೇಕು. ಆ ಪಕ್ಕೆಲುಬುಗಳನ್ನೆಲ್ಲ ಹೊರುವುದು ರೆಕ್ಕೆಯ ಉದ್ದಕ್ಕೂ ಹೋಗುವ ಒಂದು ತೊಲೆ. ವಿಮಾನದ ಭಾರವೆಲ್ಲ ಕಡೆಗೆ ಆ ತೊಲೆಯ ಮೇಲೆಯೇ. ಅದನ್ನು ಒಂದೇ ಕಟ್ಟಿಗೆಯಿಂದ ಮಾಡಲಾಗದು, ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸುತ್ತಾ ಹೋಗಬೇಕು. ಕಟ್ಟಿಗೆ, ಪ್ಲೈವುಡ್ಡು, ಅಂಟು ಎಲ್ಲ ದೂರದಿಂದ ತರಿಸಿದ್ದು. ಗೆಳೆಯ ಆ ಕಟ್ಟಿಗೆಯನ್ನು ಮೂಸಿ ನೋಡಿ, ಇದಕ್ಕೆ ನಮ್ಮ ಸಾಗವಾನಿಯ ವಾಸನೆ ಇಲ್ಲ ಎಂದು ಬೇಸರಪಟ್ಟುಕೊಂಡ.

ಊರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಎತ್ತಿಗೆ ಚುಚ್ಚುಮದ್ದು ಹಾಕಿಸಲು ಬಂದವರು, "ಡಾಕ್ಟ್ರ, ಮುಂದ ನಮ್ಮ ಆಕಳಾ ನೋಡಾಕ ವಿಮಾನದಾಗ ಬರತೀರೇನ್ರಿ? ಎಲ್ಲೆ ಇಳಸ್ತೀರಿ, ಕಣದಾಗೋ ಹಿತ್ತಲದಾಗೋ?" ಎಂದು ಕೇಳುವುದು ರೂಢಿಯಾಯಿತು. ನಾನು ನಗುತ್ತಿದ್ದೆ. ಕೆಲವರು ಶೆಡ್ಡಿಗೆ ಬಂದು ಸುಮ್ಮನೆ ನಿಂತು ನೋಡುತ್ತಿದ್ದರು. ನೋಡನೋಡುತ್ತಾ ಅವರ ದನಿ ತಗ್ಗುತ್ತಿತ್ತು. ಬರಿಯ ಎಲುಬಿನಂತೆ ಬಿದ್ದುಕೊಂಡಿದ್ದ ಆ ರೆಕ್ಕೆಯ ಮುಂದೆ ಯಾಕೋ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಹೆಂಡತಿ ಬೆಟಗೇರಿಯಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ವಿಮಾನದ ಎರಡು ಸೀಟುಗಳನ್ನು ನಾವು ಮೊದಲೇ ಮಾಡಿಟ್ಟಿದ್ದೆವು. ಅವುಗಳಿಗೆ ಗಾದಿ ಹೊಲಿದವಳು ಅವಳೇ. ಶೆಡ್ಡಿನಲ್ಲಿ ಕೂರಲು ಬೇರೆ ನೆಟ್ಟಗಿನ ಜಾಗವಿಲ್ಲದ್ದರಿಂದ ಅವಳು ನೆಲದ ಮೇಲಿಟ್ಟ ಆ ಸೀಟಿನಲ್ಲೇ ಕೂತು ನಮಗೆ ರೊಟ್ಟಿ ಬಡಿಸುತ್ತಿದ್ದಳು.

ರೆಕ್ಕೆಗಳ ಕಟ್ಟಿಗೆ ಕೆಲಸ ಮುಗಿದು, ಇನ್ನು ಬಟ್ಟೆ ಹೊದಿಸುವುದೊಂದೇ ಬಾಕಿ ಎನ್ನುವಾಗ ಅವಳು ಕೈ ಅಡ್ಡ ಹಿಡಿದಳು.

"ಬಟ್ಟಿ ಹಚ್ಚೂಕಿಂತ ಮೊದ್ಲ ಯಾರರೆ ತಿಳದವ್ರು ನೋಡ್ಲಿ. ಅಸ್ತರ ಹಾಕಿದ ಮ್ಯಾಲ ಒಳಗಿನ ಹೊಲಿಗಿ ಯಾರಿಗೂ ಕಾಣೂದಿಲ್ಲ."

ತಿಳಿದವರನ್ನೂ ಅವಳೇ ಹುಡುಕಿದಳು. ಕಳಸಾಪುರದ ಒಬ್ಬ ಹೆಣ್ಣುಮಗಳು ಅವಳ ಹತ್ತಿರ ಹೊಲಿಗೆ ಕಲಿಯುತ್ತಿದ್ದಳು. ಆಕೆಯ ಮಾವ ವಾಯುಪಡೆಯಲ್ಲಿ ವಿಮಾನಗಳ ಮೈಕಟ್ಟನ್ನು ದುರಸ್ತಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು, ಈಗ ಊರಲ್ಲಿ ಹೊಲ ನೋಡಿಕೊಂಡಿದ್ದರು. ಅವರು ಬಂದದ್ದು ಒಂದು ಬೇಸಗೆಯ ಬೆಳಿಗ್ಗೆ. ಇಸ್ತ್ರಿ ಮಾಡಿದ ಅಂಗಿ, ಬಿಳಿ ಮೀಸೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ರೆಕ್ಕೆಯ ಸುತ್ತ ಒಂದು ಸುತ್ತು ಬಂದರು. ಏನನ್ನೂ ಮುಟ್ಟಲಿಲ್ಲ. ನಾನೂ ಗೆಳೆಯನೂ ಪರೀಕ್ಷೆಗೆ ಕೂತವರಂತೆ ನಿಂತಿದ್ದೆವು.

"ಕೆಲಸ ಛಲೋ ಮಾಡೀರಿ," ಅಂದರು. "ತೊಲಿ ಅಂಟಿಸಿದ ದಿನ ಉಳಿದ ತುಂಡು ಏನರೆ ಅದಾವೇನು? ಅದ ಅಂಟು, ಅದ ಕಟ್ಟಿಗಿ?"

ಗೆಳೆಯ ಮೂಲೆಯಿಂದ ಒಂದು ತುಂಡು ತಂದುಕೊಟ್ಟ. ತೊಲೆಯ ತುದಿಯಿಂದ ಕೊಯ್ದು ತೆಗೆದದ್ದು. ಅವರು ಅದನ್ನು ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದರು. ಎರಡನೆಯ ಏಟಿಗೆ ಅದು ಎರಡು ಹೋಳಾಯಿತು. ಅವರು ಎರಡೂ ಹೋಳುಗಳನ್ನು ಬಾಗಿಲ ಬೆಳಕಿಗೆ ಒಯ್ದು ನನ್ನ ಕೈಗೆ ಕೊಟ್ಟರು. ಬಿಟ್ಟುಬಂದ ಜಾಗ ನುಣ್ಣಗೆ, ಗಾಜಿನ ಹಾಗೆ ಹೊಳೆಯುತ್ತಿತ್ತು.

"ನೋಡು ತಮ್ಮಾ, ಕಟ್ಟಿಗಿ ಸೀಳಬೇಕಾಗಿತ್ತು. ಎಳಿ ಎಳಿ ಎದ್ದು ಬರಬೇಕಾಗಿತ್ತು. ಇಲ್ಲೆ ಕಟ್ಟಿಗಿಗೆ ಏನೂ ಆಗಿಲ್ಲ, ಅಂಟು ಬಿಟ್ಟೈತಿ. ಯಾವಾಗ ಅಂಟಿಸಿದ್ರಿ?"

ಹೋದ ವರ್ಷದ ಬೇಸಗೆಯಲ್ಲಿ, ನಡುಮಧ್ಯಾಹ್ನ ಎಂದೆ. ಅವರು ತಲೆ ಎತ್ತಿ ತಗಡಿನ ಮಾಡನ್ನು ನೋಡಿದರು. ಹೇಳುವ ಮೊದಲೇ ನನಗೆ ಅರ್ಥವಾಯಿತು. ಆ ಬಿಸಿಗೆ ಡಬ್ಬಿಯಲ್ಲಿದ್ದ ಅಂಟು ಹಚ್ಚುವ ಮೊದಲೇ ಗಟ್ಟಿಯಾಗಲು ಶುರುವಾಗಿತ್ತು. ಹಲಗೆಯ ಮೇಲೆ ಹರಡಿದ್ದು ಸತ್ತ ಅಂಟು. ಒಳಗೆ ಎಷ್ಟು ಕಡೆ ಹೀಗಾಗಿದೆ ಎಂದು ಹೊರಗಿನಿಂದ ಹೇಳಲು ಬರುವಂತಿರಲಿಲ್ಲ.

ಹೋಗುವಾಗ ಅವರು ನನಗೂ ಹೆಂಡತಿಗೂ ಇನ್ನೊಂದು ಮಾತು ಹೇಳಿದರು. "ವಿಮಾನ ಕಟ್ಟೂದು ಬ್ಯಾರೆ, ಹಾರಸೂದು ಬ್ಯಾರೆ. ನಿಮ್ಮಿಬ್ರೊಳಗ ಯಾರಿಗರೆ ಹಾರಸಾಕ ಬರತೈತೇನು? ಮೊದ್ಲ ಅದನ್ನ ಕಲೀರಿ."

ಅವರು ಹೋದ ಮೇಲೆ ಗೆಳೆಯ ಆ ಎರಡು ಹೋಳುಗಳನ್ನು ಮತ್ತೆ ಮತ್ತೆ ಜೋಡಿಸಿ ನೋಡಿದ. ಆಮೇಲೆ, "ಆ ತುಂಡು ತುದೀದು. ತುದಿಗೆ ಅಂಟು ಸರಿಯಾಗಿ ಮುಟ್ಟಿರೂದಿಲ್ಲ. ನಡುವಿಂದು ಗಟ್ಟಿನ ಇರತೈತಿ," ಅಂದ. ನನಗೂ ಅದನ್ನು ನಂಬುವ ಆಸೆ. ವರ್ಷಗಟ್ಟಲೆ ಮಾಡಿದ ಕೆಲಸ ಅಲ್ಲಿ ಮಲಗಿತ್ತು. ತುದಿ ಕೆಟ್ಟಿದೆ, ನಡುವೆ ಕೆಟ್ಟಿಲ್ಲ ಎಂದು ಒಪ್ಪಿಕೊಂಡುಬಿಟ್ಟರೆ ಮುಂದಿನ ವಾರವೇ ಬಟ್ಟೆ ಹೊದಿಸಬಹುದಿತ್ತು. "ಹೌದಲ್ಲಾ," ಎಂದೂ ಅಂದೆ. ಹಾಗೆ ಅನ್ನುತ್ತಾ ತಿರುಗಿದಾಗ ಹೆಂಡತಿ ಆ ಸೀಟಿನಲ್ಲಿ ಕೂತು ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ನಮ್ಮ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ ತಿಳಿಯದು. ಚಟ್ನಿಯ ಡಬ್ಬಿ ತೆಗೆದಿಟ್ಟು, ಈರುಳ್ಳಿ ಹೆಚ್ಚತೊಡಗಿದಳು.

ಊಟ ಮಾಡಲು ಆಗಲಿಲ್ಲ. ಎದ್ದು ಹೋಗಿ ಗರಗಸ ತಂದೆ. ಗೆಳೆಯ ನನ್ನ ಮುಖ ನೋಡಿದ, ಗರಗಸ ನೋಡಿದ. "ಕೊಡಿಲ್ಲೆ," ಎಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡ. "ನಿನಗ ನೆಟ್ಟಗ ಕೊಯ್ಯಾಕ ಬರೂದಿಲ್ಲ." ತಾನು ಅಂಟಿಸಿದ ತೊಲೆಯನ್ನು ತಾನೇ ನಡುವೆ ಕೊಯ್ದ. ಒಡೆದು ನೋಡಿದರೆ ಕೆಲವು ಕಡೆ ಕಟ್ಟಿಗೆ ಎಳೆಎಳೆಯಾಗಿ ಸೀಳಿತ್ತು, ಕೆಲವು ಕಡೆ ಅದೇ ನುಣುಪು, ಅದೇ ಹೊಳಪು. ಅವನು ಗರಗಸವನ್ನು ಗೋಡೆಗೆ ಆನಿಸಿಟ್ಟು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹೆಂಡತಿ ರೊಟ್ಟಿಯನ್ನು ಅಲ್ಲಿಗೇ ತಂದುಕೊಟ್ಟಳು. ಮೂವರೂ ಅಲ್ಲೇ ಕೂತು ಉಂಡೆವು.

ಬೇಸಗೆ ಕಳೆಯುವ ತನಕ ಅಂಟಿನ ಕೆಲಸ ಹಿಡಿಯುವಂತಿರಲಿಲ್ಲ. ಆ ಬಿಡುವಿನಲ್ಲಿ ನಾನೂ ಹೆಂಡತಿಯೂ ಹಾರುವುದನ್ನು ಕಲಿಸುವ ಜಾಗವೊಂದಕ್ಕೆ ಹೋದೆವು. ರೈಲಿನಲ್ಲಿ ಇಡೀ ರಾತ್ರಿಯ ದಾರಿ. ಊರಾಚೆ ಒಂದು ಬಯಲು, ಒಂದು ಸಣ್ಣ ಪಟ್ಟಿಯಂಥ ರನ್‌ವೇ, ನಮ್ಮದರಂತೆಯೇ ಇಬ್ಬರು ಕೂರುವ ಪುಟ್ಟ ವಿಮಾನ. ಮೊದಲು ನಾನು ಹತ್ತಿದೆ. ಕಲಿಸುವವರು ಪಕ್ಕದಲ್ಲಿದ್ದರು. ಆ ಹೊತ್ತಿಗೆ ವಿಮಾನದ ಒಂದೊಂದು ಮೊಳೆಯ ಹೆಸರೂ ನನಗೆ ಗೊತ್ತಿತ್ತು. ರೆಕ್ಕೆ ಯಾಕೆ ಎತ್ತುತ್ತದೆ, ಬಾಲ ಯಾಕೆ ಬೇಕು ಎಂದು ಯಾರು ಕೇಳಿದರೂ ಹೇಳಬಲ್ಲೆ ಎಂಬ ಧಿಮಾಕಿತ್ತು.

ಚಕ್ರಗಳು ನೆಲ ಬಿಟ್ಟ ಗಳಿಗೆಯಲ್ಲಿ ಆ ಧಿಮಾಕು ಕೆಳಗೇ ಉಳಿದುಹೋಯಿತು. ಮೇಲೆ ಏರಿದಂತೆ ನನಗೆ ಕಂಡದ್ದು ಹೊಲಗಳೂ ಅಲ್ಲ, ಊರೂ ಅಲ್ಲ. ನನ್ನ ಕಾಲ ಕೆಳಗೆ ಬೆರಳಿನಷ್ಟೂ ದಪ್ಪವಿಲ್ಲದ ಒಂದು ಹಲಗೆ, ಅದರ ಕೆಳಗೆ ಏನೂ ಇಲ್ಲ, ಅಷ್ಟೇ. ಹಾಯುವ ಗೂಳಿಯ ಕೊಂಬು ಹಿಡಿದು ಮದ್ದು ಕುಡಿಸಿದವನು ನಾನು. ಅಲ್ಲಿ ಬಾಗಿಲ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಕಲಿಸುವವರು ವಿಮಾನ ತಿರುಗಿಸುವ ಸ್ಟಿಕ್ ಹಿಡಿಯಿರಿ ಎಂದರು. ನನ್ನ ಕೈ ಬಾಗಿಲ ಹಿಡಿಕೆಯನ್ನು ಬಿಡಲಿಲ್ಲ. ವಿಮಾನ ಒಂದು ಕಡೆಗೆ ವಾಲಿದಾಗ, ಮುಂದೆ ಇಟ್ಟಿದ್ದ ಚೀಲವನ್ನು ತೆಗೆದುಕೊಂಡು ವಾಂತಿ ಮಾಡಿಕೊಂಡೆ. ಇಳಿದ ಮೇಲೆ ಹುಲ್ಲಿನ ಮೇಲೆ ಕೂತು ನೆಲವನ್ನು ಅಂಗೈಯಿಂದ ಒತ್ತಿ ನೋಡಿದ್ದು ನೆನಪಿದೆ.

ಆಮೇಲೆ ಅವಳು ಹತ್ತಿದಳು. ನಾನು ಹೋದಷ್ಟೇ ದೂರ ಹೋಗಿ ಬಂದಳು. ಅಷ್ಟೇ ದಾರಿ ನಾನು ಹೋದಾಗ ಮುಗಿಯದಂತೆ ಅನ್ನಿಸಿತ್ತು. ವಿಮಾನ ನಿಂತಾಗ ಅವಳು ಇಳಿದುಬರಲಿಲ್ಲ. ಹತ್ತಿರ ಹೋದರೆ ಕಿವಿಗೆ ಹಾಕಿದ್ದ ಹೆಡ್‌ಫೋನು ತೆಗೆಯದೆ ಹಾಗೇ ಕೂತಿದ್ದಳು. ಮುಖ ಕೆಂಪಗಾಗಿತ್ತು.

"ಇನ್ನೊಂದು ಸಲ ಹೋಗ್ಲೇನ್ರಿ?" ಎಂದು ಕೇಳಿದಳು.

ಕಲಿಸುವವರು ನನ್ನ ಕಡೆ ತಿರುಗಿ, ಇವರು ಮೊದಲ ಸಲಕ್ಕೇ ಸ್ಟಿಕ್ ಹಿಡಿದು ನೆಟ್ಟಗೆ ನಡೆಸಿದರು, ಕೈ ಬಹಳ ಹಗುರ, ಏನು ಕೆಲಸ ಮಾಡುತ್ತಾರೆ ಎಂದು ವಿಚಾರಿಸಿದರು. ಹೊಲಿಗೆ ಎಂದೆ.

ಮರುದಿನ ನಾನು ಇನ್ನೊಮ್ಮೆ ಹತ್ತಿದೆ. ಅದೇ ಹೆದರಿಕೆ, ಅದೇ ಚೀಲ. ವಾಪಸು ಬರುವಾಗ ರೈಲಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಅವಳು ಮೆಲ್ಲಗೆ ಕೇಳಿದಳು.

"ಭಾಳ ಹೆದರಿಕಿ ಆತೇನ್ರಿ?"

"ಹೂಂ."

"ನನಗ ಆಗ್ಲಿಲ್ಲ ನೋಡ್ರಿ. ಆಗತೈತಿ ಅಂತ ಮಾಡಿದ್ದೆ. ಮ್ಯಾಲ ಹೋದ ಮ್ಯಾಲ ಎಲ್ಲಾ ಸುಮ್ಮಗಾತು." ನನ್ನ ಕಡೆ ತಿರುಗಿ, "ನಿಮಗ ಸಿಟ್ಟು ಬಂದೈತೇನು?" ಎಂದಳು.

ಇಲ್ಲ ಎಂದೆ. ಅದು ಸಿಟ್ಟಾಗಿರಲಿಲ್ಲ ಎಂಬುದು ನಿಜ. ಆದರೆ ಅದಕ್ಕೊಂದು ಹೆಸರು ನನಗೆ ಆಗ ಸಿಗಲಿಲ್ಲ. ಇಷ್ಟು ವರ್ಷ ನಾನು ಕಂಡ ಕನಸಿನಲ್ಲಿ ಹಾರುತ್ತಿದ್ದವನು ನಾನು. ಮುಂಜಾನೆಯ ತಂಪಿನಲ್ಲಿ ಡಂಬಳದ ಕೆರೆಯ ಮೇಲೆ ಒಂದು ಸುತ್ತು ಹಾಕಿ, ಕಪ್ಪತಗುಡ್ಡದ ಸಾಲನ್ನು ಎಡಕ್ಕೆ ಬಿಟ್ಟು, ಶಿರಹಟ್ಟಿಯ ಕೋಟೆಯನ್ನು ಮೇಲಿನಿಂದ ನೋಡುತ್ತಾ ಬರುವುದು. ಕೆರೆಯ ನೀರಿನ ಬಣ್ಣ ಕೂಡ ನಾನು ಎಣಿಸಿಟ್ಟಿದ್ದೆ. ಅದೆಲ್ಲ ಇನ್ನೊಬ್ಬರ ಪಾಲಾಯಿತು, ಆ ಇನ್ನೊಬ್ಬರು ನನ್ನ ಮನೆಯಲ್ಲೇ ಇದ್ದಾರೆ.

ಮಳೆಗಾಲವಿಡೀ ನಾನು ಶೆಡ್ಡಿನ ಕಡೆ ಹೋಗಲಿಲ್ಲ. ಕೆಲಸ ಹೆಚ್ಚಾಗಿದೆ ಎಂದು ಹೇಳುತ್ತಿದ್ದೆ. ಕಾಲುಬಾಯಿ ರೋಗಕ್ಕೆ ಲಸಿಕೆ ಹಾಕುವ ದಿನಗಳು ಬೇರೆ. ಹೆಂಡತಿ ಮಾತ್ರ ಕಲಿಯಲು ಹೋಗಿಬರುವುದನ್ನು ಬಿಡಲಿಲ್ಲ. ಕಣ್ಣು, ಕಿವಿ, ಎದೆಯ ತಪಾಸಣೆ ಮಾಡಿಸಿಕೊಂಡಳು. ಹೊಲಿಗೆ ಕಲಿಯುವ ಹೆಣ್ಣುಮಕ್ಕಳು ಕಾಜಾ ಮಾಡುತ್ತಾ ಕೂತಿರುವಾಗ ಅವಳು ಮೋಡಗಳ ಪಾಠ ಓದುತ್ತಿದ್ದಳು. ಇಂಗ್ಲಿಷಿನಲ್ಲಿದ್ದ ಪುಸ್ತಕ ಅವಳಿಗೆ ಕಷ್ಟವಾಗುತ್ತಿತ್ತು. ತಿಳಿಯದ್ದನ್ನು ನನ್ನ ಹತ್ತಿರ ತಂದು ಕೇಳುತ್ತಿದ್ದಳು. ನಾನು ಬಿಗುಮಾನದಿಂದಲೇ ಹೇಳಿಕೊಡಲು ಶುರುಮಾಡಿ, ಹೇಳುತ್ತಾ ಹೇಳುತ್ತಾ ನನಗರಿವಿಲ್ಲದೆ ಹುರುಪುಗೊಳ್ಳುತ್ತಿದ್ದೆ. ವೇಗ ಕಡಿಮೆಯಾದರೆ ರೆಕ್ಕೆ ಯಾಕೆ ಸೋಲುತ್ತದೆ ಎಂಬುದನ್ನು ಅಂಗೈಯನ್ನು ಗಾಳಿಗೊಡ್ಡಿ ತೋರಿಸಲು ಒಂದು ಸಂಜೆ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹುಲಕೋಟಿಯ ದಾರಿಯಲ್ಲಿ ಹೋಗಿಬಂದೆ. ಎದುರಿಗೆ ಬಂದವರು ನಾವಿಬ್ಬರೂ ಯಾರಿಗೋ ಕೈಮಾಡುತ್ತಿದ್ದೇವೆ ಎಂದುಕೊಂಡಿರಬೇಕು.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಚಹಾ ಕೊಡುತ್ತಾ ಅವಳು ಅಂದಳು: "ನಾ ಕಲ್ತು ಮುಗಸ್ತೀನಿ. ರೆಕ್ಕಿ ನೋಡಿದ್ರ ಅರ್ಧ ಕೊಯ್ದು ಬಿಟ್ಟೀರಿ. ಯಾವುದ್ರಾಗ ಹಾರ್ಲಿ ನಾ?"

"ನಾನು ಹಾರಾಂವ ಅಲ್ಲ ಅಂದ ಮ್ಯಾಲ—" ಎಂದು ಶುರುಮಾಡಿದೆ.

"ನೀವು ಹಾರಾಕ ಮಾಡಿದ್ದಲ್ರಿ ಅದು," ಅಂದಳು. "ನಾ ನೋಡೇನಿ. ಆ ಶೆಡ್ಡಿನ್ಯಾಗ ಇದ್ದಾಗ ನಿಮ್ಮ ಮುಖ ಹೆಂಗಿತ್ತು, ಅಲ್ಲೆ ಮ್ಯಾಲ ಹೆಂಗಿತ್ತು. ಮಾಡೂದ ನಿಮಗ ಖುಷಿ. ಅದರಾಗ ಏನು ಕಡಿಮಿ ಐತಿ?"

ಆ ಮಾತು ಕೇಳಿಸಿಕೊಂಡೇ ಕೆಲಸಕ್ಕೆ ಹೊರಟೆ. ದಿನವಿಡೀ ಅದನ್ನೇ ಮೆಲುಕು ಹಾಕಿದೆ. ಯಾವುದೋ ಹಟ್ಟಿಯಲ್ಲಿ ಹೋರಿಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಾಗ ಅವಳು ಹೇಳಿದ್ದು ಸರಿ ಎಂದು ಅನ್ನಿಸಿತು. ಕನಸಿನಲ್ಲಿ ಕೆರೆಯ ಮೇಲೆ ಹಾರುವಾಗ ಕೂಡ ನಾನು ನೋಡುತ್ತಿದ್ದದ್ದು ಕೆರೆಗಿಂತ ಹೆಚ್ಚಾಗಿ ರೆಕ್ಕೆಯನ್ನೇ. ಬಟ್ಟೆ ಬಿಗಿಯಾಗಿದೆಯೇ, ಪಕ್ಕೆಲುಬುಗಳ ಸಾಲು ನೆಟ್ಟಗಿದೆಯೇ ಎಂದು. ಮರುದಿನ ಕೆಲಸ ಮುಗಿಸಿ ನೇರ ಶೆಡ್ಡಿಗೆ ಹೋದೆ. ಗೆಳೆಯ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಹೊಸ ಹಲಗೆಗಳನ್ನು ಆಗಲೇ ಹತ್ತರಿಯಿಂದ ಹೆರೆದು ಜೋಡಿಸಿಟ್ಟಿದ್ದ. "ಮುಂಜಾನೆ ತಂಪಿನ್ಯಾಗ ಅಂಟು ಹಚ್ಚೂಣು. ಬಿಸಲ ಏರೂದ್ರಾಗ ಮುಗೀಬೇಕು," ಎಂದಷ್ಟೇ ಅಂದ.

ಆ ಚಳಿಗಾಲ ನನ್ನ ಬದುಕಿನ ಒಳ್ಳೆಯ ಕಾಲಗಳಲ್ಲಿ ಒಂದು. ಕಳಸಾಪುರದ ಹಿರಿಯರು ಬಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಂಟು ಕಲಸಿದಾಗಲೆಲ್ಲ ಅದರಿಂದಲೇ ಒಂದು ತುಂಡನ್ನು ಬೇರೆ ಅಂಟಿಸಿಡುವುದು, ಒಣಗಿದ ಮೇಲೆ ಅದನ್ನು ಒಡೆದು ನೋಡುವುದು ಅವರು ಹಾಕಿಕೊಟ್ಟ ಪದ್ಧತಿ. ಸುತ್ತಿಗೆಯ ಏಟಿಗೆ ಕಟ್ಟಿಗೆ ಒರಟಾಗಿ, ಎಳೆಎಳೆಯಾಗಿ ಸೀಳಿ ಬಂದಾಗ ಗೆಳೆಯ ಆ ಹೋಳನ್ನು ಕೂಸನ್ನು ಎತ್ತಿ ತೋರಿಸಿದ ಹಾಗೆ ಎತ್ತಿ ತೋರಿಸುತ್ತಿದ್ದ.

ಬಟ್ಟೆ ಹೊದಿಸುವ ಕೆಲಸ ಪೂರಾ ನನ್ನ ಹೆಂಡತಿಯದು. ಪಾಲಿಯೆಸ್ಟರಿನ ತೆಳು ಬಟ್ಟೆ. ಅದನ್ನು ರೆಕ್ಕೆಯ ಆಚೆ ಈಚೆ ಅಂಟಿಸಿ, ಗಾದಿ ಹೊಲಿಯುವ ಉದ್ದ ದಬ್ಬಳದಿಂದ ಒಂದೊಂದು ಪಕ್ಕೆಲುಬಿಗೂ ಸೇರಿಸಿ ಹೊಲಿಯಬೇಕು. ರೆಕ್ಕೆಯ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ನಾನು. ಅವಳು ದಬ್ಬಳ ದಾಟಿಸುತ್ತಾಳೆ, ನಾನು ಈ ಕಡೆ ಹಿಡಿದು ಎಳೆದು ವಾಪಸು ದಾಟಿಸುತ್ತೇನೆ. ನಡುವೆ ಬಟ್ಟೆ ಇರುವುದರಿಂದ ಮುಖ ಕಾಣುವುದಿಲ್ಲ, ನೆರಳಷ್ಟೇ ಕಾಣುತ್ತದೆ. "ಜಗ್ಗಬ್ಯಾಡ್ರಿ, ಗಂಟು ಹಾಕಾಕತ್ತೇನಿ," ಎಂದು ಆಚೆಯಿಂದ ದನಿ ಬರುತ್ತಿತ್ತು. ಹೊಲಿದ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಹದವಾಗಿ ಕಾಯಿಸಿ ಬಟ್ಟೆಯ ಮೇಲೆ ಎಳೆದರೆ ಸುಕ್ಕುಗಳೆಲ್ಲ ಮಾಯವಾಗಿ ಬಟ್ಟೆ ಬಿಗಿಯುತ್ತದೆ. ಬೆರಳಿಂದ ತಟ್ಟಿದಾಗ ಡೊಳ್ಳಿನಂಥ ಸದ್ದು ಬಂತು. ಗೆಳೆಯ ಕಾರ್ಖಾನೆಯ ಕೆಲಸದವರನ್ನೆಲ್ಲ ಕರೆದು ಆ ಸದ್ದು ಕೇಳಿಸಿದ.

ಒಂದು ತರಬೇತಿ ವಿಮಾನದಿಂದ ಇಳಿಸಿದ ಹಳೆಯ ಇಂಜಿನ್ನು ಸಿಕ್ಕಿತು. ಅದನ್ನು ಬಿಚ್ಚಿ ಜೋಡಿಸುವುದರಲ್ಲಿ ಮತ್ತೊಂದು ವರ್ಷ ಹೋಯಿತು. ಹಾರಾಟದ ಪರವಾನಗಿಗೆ ಅರ್ಜಿ ಹಾಕಿದೆವು. ಕೇಳಿದ ಕಾಗದಪತ್ರಗಳನ್ನೆಲ್ಲ ಕಳಿಸಿದೆವು, ಅಧಿಕಾರಿಗಳು ಒಮ್ಮೆ ಬಂದು ನೋಡಿಯೂ ಹೋದರು. ಇನ್ನೂ ಕೆಲವು ತಪಾಸಣೆ ಬಾಕಿ ಇವೆ. ಅಲ್ಲಿಯವರೆಗೆ ನೆಲ ಬಿಡುವಂತಿಲ್ಲ, ನೆಲದ ಮೇಲೆ ಓಡಿಸಿ ನೋಡಬಹುದು.

ಓಡಿಸುವುದಾದರೂ ಎಲ್ಲಿ? ನಮ್ಮದು ಎರೆ ಭೂಮಿ. ಬೇಸಗೆಯಲ್ಲಿ ಚಕ್ರವೇ ಇಳಿದುಹೋಗುವಂಥ ಬಿರುಕು, ಮಳೆಗಾಲದಲ್ಲಿ ಕಾಲಿಗೆ ಮಣಗಟ್ಟಲೆ ಕೆಸರು. ಕಡೆಗೆ ಗದಗಿನ ಹೊರಗೆ ಒಂದು ಹೊಸ ಲೇಔಟು ಸಿಕ್ಕಿತು. ಮನೆಗಳು ಇನ್ನೂ ಎದ್ದಿರಲಿಲ್ಲ, ನಡುವೆ ಅಗಲವಾದ ನೆಟ್ಟನೆಯ ಡಾಂಬರು ರಸ್ತೆಯಿತ್ತು, ಪಕ್ಕಕ್ಕೆ ಪ್ಲಾಟುಗಳ ಗುರುತಿನ ಕಲ್ಲುಗಳು. ಮಾಲೀಕರ ಎತ್ತಿನ ಜೋಡಿಯನ್ನು ನಾನು ಹಿಂದೆ ಉಪಚರಿಸಿದ್ದೆ. ಅವರು ನಕ್ಕು ಒಪ್ಪಿಕೊಂಡರು, ಸಾಮಾನು ಇಡುವ ಶೆಡ್ಡನ್ನೂ ಬಿಟ್ಟುಕೊಟ್ಟರು. ಲಕ್ಷ್ಮೇಶ್ವರದಿಂದ ರೆಕ್ಕೆ ಒಂದು ಲಾರಿಯಲ್ಲಿ, ಮೈ ಒಂದು ಲಾರಿಯಲ್ಲಿ ಬಂದವು. ಜೋಡಿಸಿ ನಿಲ್ಲಿಸಿದಾಗ ಸುತ್ತಲಿನ ಹೊಲಗಳಿಂದ ಜನ ಬಂದರು, ಅವರ ಹಿಂದೆಯೇ ಒಬ್ಬರು ಪೊಲೀಸರೂ ಬಂದರು.

"ಇದು ಹಾರತೈತೇನ್ರಿ?" ಎಂದು ಅವರು ಕೇಳಿದರು.

"ಇನ್ನೂ ಇಲ್ರಿ. ಪರವಾನಗಿ ಬಂದ ಮ್ಯಾಲ."

"ಹಂಗಾರ ಇವತ್ತ ಇದು ಗಾಡಿ ಅಂತ ತಿಳಕೋಬೇಕು."

"ಹೌದ್ರಿ, ಇವತ್ತ ಗಾಡಿನ."

ಅವರು ಸಮಾಧಾನಪಟ್ಟು, ರೆಕ್ಕೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಜನರನ್ನು ರಸ್ತೆಯಿಂದ ದೂರ ನಿಲ್ಲಿಸಿದರು.

ಹೆಂಡತಿ ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು ಬಂದಿದ್ದಳು. ಒಬ್ಬಳೇ ಹತ್ತಿ ಬೆಲ್ಟು ಬಿಗಿದುಕೊಂಡಳು. ಕಳಸಾಪುರದ ಹಿರಿಯರು ಕಿಟಕಿಗೆ ಬಾಗಿ, "ತಂಗೀ, ಬಾಲ ಎದ್ದ ಮ್ಯಾಲ ಎರಡು ಉಸಿರು ತಗೊಂಡು ಆಮ್ಯಾಲ ಇಂಜಿನ್ನಿನ ಜೋರು ಇಳಸು. ಎತ್ತಬ್ಯಾಡ," ಅಂದರು. ಅವಳು ತಲೆಯಾಡಿಸಿದಳು. ಇಂಜಿನ್ನಿನ ಸದ್ದು ಏರಿತು. ವಿಮಾನ ಮೊದಲು ಸಾವಕಾಶವಾಗಿ, ಆಮೇಲೆ ಭರದಿಂದ ನಮ್ಮನ್ನು ದಾಟಿ ಓಡಿತು. ನಡುದಾರಿಯಲ್ಲಿ ಬಾಲ ನೆಲ ಬಿಟ್ಟು ಎದ್ದಿತು. ಇಡೀ ಮೈ ನೆಟ್ಟಗಾಯಿತು. ಅಷ್ಟು ಹೊತ್ತು ನೆಲಕ್ಕೆ ಕೂತ ಪ್ರಾಣಿಯಂತಿದ್ದದ್ದು ಒಮ್ಮೆಗೇ ಎದ್ದು ನಿಂತ ಹಾಗೆ. ನನ್ನ ಗೆಳೆಯ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಆಮೇಲೆ ಅಲ್ಲಿ ಅವನ ಬೆರಳಿನ ಗುರುತು ಮೂಡಿತ್ತು. ಅವಳು ಸದ್ದು ಇಳಿಸಿದಳು, ಬಾಲ ಮೆಲ್ಲಗೆ ಕೆಳಗೆ ಕೂತಿತು, ರಸ್ತೆಯ ತುದಿಯಲ್ಲಿ ತಿರುಗಿಸಿಕೊಂಡು ವಾಪಸು ಬಂದಳು.

"ಇಬ್ರ ಭಾರಕ್ಕ ಹೆಂಗ ಓಡತೈತಿ ನೋಡಬೇಕು. ಡಾಕ್ಟ್ರ, ಹತ್ರಿ," ಅಂದರು ಹಿರಿಯರು.

ಹತ್ತಿದೆ. ಕಣ್ಣು ಮುಚ್ಚಬಾರದು ಎಂದು ನಿಶ್ಚಯಿಸಿಕೊಂಡಿದ್ದೆ. ರಸ್ತೆ ನಮ್ಮ ಕಡೆ ನುಗ್ಗಿಬಂತು, ಬಾಲ ಎದ್ದಿತು, ಮುಂದಿನ ದಾರಿ ಪೂರ್ತಿ ಕಂಡಿತು. ಚಕ್ರಗಳ ಗಡಗಡ ಸದ್ದು ಹಗುರಾಗುತ್ತಾ ಹೋಯಿತು. ಕಾಲ ಕೆಳಗಿನ ಹಲಗೆ ನೆಲವನ್ನು ಬಿಡಲೋ ಬೇಡವೋ ಎಂದು ಯೋಚಿಸುತ್ತಿರುವಂತಿತ್ತು. ಹಳೆಯ ಹೆದರಿಕೆ ಮತ್ತೆ ಎದ್ದಿತು. ನಾನು ರೆಕ್ಕೆಯ ಕಡೆ ನೋಡಿದೆ. ಬಟ್ಟೆ ನಡುಗುತ್ತಿರಲಿಲ್ಲ, ಹೊಲಿಗೆಯ ಸಾಲು ನೆಟ್ಟಗಿತ್ತು, ಒಳಗಿನ ತೊಲೆ ಭಾರ ಹೊತ್ತದ್ದು ರೆಕ್ಕೆಯ ಒಂದಿಷ್ಟು ಬಾಗಿನಲ್ಲೇ ತಿಳಿಯುತ್ತಿತ್ತು. ಅದನ್ನು ನೋಡುತ್ತಿರುವಷ್ಟು ಹೊತ್ತು ಹೆದರಿಕೆ ಇದ್ದಲ್ಲೇ ಇತ್ತು, ಮೇಲೆ ಬರಲಿಲ್ಲ. ಅವಳು ಇಂಜಿನ್ ಇಳಿಸಿದಳು. ಭಾರವೆಲ್ಲ ವಾಪಸು ಚಕ್ರಗಳಿಗೆ ಬಂತು.

ಈಗ ನಾವು ವಾರಕ್ಕೊಮ್ಮೆ, ಗಾಳಿ ಏಳುವ ಮೊದಲು, ಅಲ್ಲಿಗೆ ಹೋಗಿ ಅದನ್ನು ಓಡಿಸಿ ಬರುತ್ತೇವೆ. ಅವಳು ಡಂಬಳದ ಕೆರೆಯ ಮೇಲೆ ಹಾರುವ ದಿನ ನಾನು ಪಕ್ಕದಲ್ಲಿ ಕೂರುತ್ತೇನೋ, ದಂಡೆಯ ಮೇಲೆ ನಿಂತು ತಲೆ ಎತ್ತಿ ನೋಡುತ್ತೇನೋ ಇನ್ನೂ ತೀರ್ಮಾನವಾಗಿಲ್ಲ. ಅವಳು ಒತ್ತಾಯ ಮಾಡಿಲ್ಲ. ನಿನ್ನೆ ಓಡಿಸಿದ ಮೇಲೆ ವಿಮಾನವನ್ನು ಶೆಡ್ಡಿಗೆ ತಳ್ಳಿ, ಹಗ್ಗ ಬಿಗಿಯುತ್ತಾ ಅವಳು ಹೇಳಿದಳು:

"ಎಡಗಡೆ ಬ್ರೇಕ್ ಒಂದೀಟು ಹಿಡಿದು ಬಿಡತೈತ್ರಿ. ಮುಂದಿನ ವಾರಾ ಅನ್ನಬ್ಯಾಡ್ರಿ, ಈಗ ನೋಡ್ರಿ."

ಚಕ್ರದ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತೆ. ಬ್ರೇಕು ಬಿಚ್ಚಿದೆ. ಅವಳು ಟಾರ್ಚು ಹಿಡಿದಳು.